ಒಳಗಾಜು

ಹೊರಗೆ ಏನೂ ಆಗಿರಲಿಲ್ಲ.
ಕೆಂಪು ಬಣ್ಣ, ಹಳದಿ ಹೂವು, ಮುಚ್ಚಳದ ಹಿಡಿ,
ಎಲ್ಲ ಇದ್ದ ಹಾಗೇ.
ಶಾರ್ಜಾದ ನಹ್ದಾ ತಿರುವಿನಲ್ಲಿ ಬಸ್ಸು ಹೊರಳುವಾಗ
ಆರನೇ ಕ್ಲಾಸಿನ ಹುಡುಗನ ಬ್ಯಾಗು ಬಿತ್ತು, ಅಷ್ಟೇ.
ಒಳಗೆ ಪುಸ್ಸೆಂದು ಒಂದು ಉಸಿರು.
ಆಮೇಲೆ ಅಲುಗಾಡಿಸಿದರೆ
ಗೆಜ್ಜೆಯೂ ಅಲ್ಲದ, ಮರಳೂ ಅಲ್ಲದ ಸದ್ದು.

ಡ್ರೈವರ್ ಗುಲ್ ಜಮಾನ್ ಕನ್ನಡಿಯಲ್ಲೇ ನೋಡಿ
"ಚಾಯ್ ಗಯಾ" ಅಂದ.
ಹೌದು, ಚಾ ಹೋಯಿತು.
ಬೆಳಿಗ್ಗೆ ನಾಲ್ಕೂವರೆಗೆದ್ದು ಕುದಿಸಿದ್ದು,
ಶುಂಠಿ ನನಗೆ, ಸಕ್ಕರೆ ಜಾಸ್ತಿ ಅವನಿಗೆ,
ಶಾಲೆಯ ಗೇಟು ಮುಚ್ಚಿದ ಮೇಲೆ
ಖಾಲಿ ಬಸ್ಸಿನ ನೆರಳಲ್ಲಿ ನಾವಿಬ್ಬರೂ ಕುಡಿಯುವುದು.

ಗಾಜು ಒಡೆದರೆ ಗಾಜು ಹಾಕಿಸಬೇಕು.
ಇದರಲ್ಲಿ ಯೋಚಿಸುವುದಕ್ಕೇನಿದೆ?
ಹಂಪನಕಟ್ಟೆಯಲ್ಲಿ ಇದನ್ನು ಕೊಂಡು ಇಪ್ಪತ್ತೆರಡು ವರ್ಷ,
ಎರಡು ಸಲ ಹಾಕಿಸಿದ್ದೇನೆ,
ಒಂದು ಸಲ ಅಲ್ಲಿ, ಒಂದು ಸಲ ಇಲ್ಲೇ ರೋಲಾದಲ್ಲಿ.
ಆ ಅಂಗಡಿಯಲ್ಲೀಗ ಮೊಬೈಲಿನ ಕವರುಗಳು ನೇತಾಡುತ್ತವೆ.

ಹೈಪರ್ ಮಾರ್ಕೆಟಿನ ಹುಡುಗ ಒಳ್ಳೆಯವ.
ಮೇಡಂ ಮೇಡಂ ಎನ್ನುತ್ತಾ
ಸ್ಟೀಲಿನವು ನಲವತ್ತು ಬಗೆ ತೋರಿಸಿದ.
"ಒಳಗಿನದು ಮಾತ್ರ ಬೇಕು" ಅಂದೆ.
ಬಾಳೆಹಣ್ಣಿನ ಅಂಗಡಿಯಲ್ಲಿ ನಿಂತು
ಸಿಪ್ಪೆ ಬೇಡ, ತಿರುಳಿನ ರೇಟೆಷ್ಟು ಎಂದು
ಕೇಳಿದವಳನ್ನು ನೋಡುವಂತೆ ನೋಡಿದ.

ಶುಕ್ರವಾರ ಸಂಜೆ ಇಗರ್ಜಿಯಿಂದ ಹಾಗೇ
ಖೋರಿನ ದಡಕ್ಕೆ, ಮಂಜಿಗಳು ಕಟ್ಟುವ ಕಡೆಗೆ ನಡೆದೆ.
ಅಲ್ಲಿ ಅಬ್ಬಾಸ್ ಲಾರಿ, ಇರಾನಿನವ,
ಸ್ಟವ್ವಿನ ಬತ್ತಿ, ಕುಕ್ಕರಿನ ಸೀಟಿ,
ಲಾಡಿ ತೂರಿಸುವ ಕಡ್ಡಿ, ಬಟ್ಟೆಗೆ ಹಾಕುವ ನೀಲಿ,
ಯಾರೂ ಕೇಳದ್ದನ್ನೆಲ್ಲ ಸುತ್ತ ಒಟ್ಟಿಕೊಂಡು
ಫ್ಯಾನಿನ ಕೆಳಗೆ ನಿದ್ದೆ ಹೋಗಿದ್ದ.

ಎಬ್ಬಿಸಿ ಕೇಳಿದೆ. "ಹೈ" ಅಂದ.
ಇದೆಯಂತೆ!
ಎಂಬತ್ತು ದಾಟಿದವ ಏಣಿ ಹತ್ತಿದ,
ನಾನು ಏಣಿಯ ಕಾಲು ಹಿಡಿದೆ.
ಹನ್ನೊಂದಿದ್ದವು.
ಒಂದೊಂದಕ್ಕೂ ನನಗೆ ಓದಲು ಬಾರದ ಪತ್ರಿಕೆಯ ಅಂಗಿ,
ಬಿಚ್ಚಿದರೆ ಬೆಳ್ಳಿ,
ಬುಡದಲ್ಲಿ ಪುಟ್ಟ ತೊಟ್ಟು, ಗೇರುಹಣ್ಣಿನ ಬೀಜದ ಹಾಗೆ.
ಆ ತೊಟ್ಟು ಮುರಿದರೆ ಮುಗಿಯಿತು.
ಅವನಿಗೂ ಗೊತ್ತು, ನನಗೂ ಗೊತ್ತು,
ಹೆಸರಿಡದ ಕೂಸನ್ನು ದಾಟಿಸುವಂತೆ
ಕೈಯಿಂದ ಕೈಗೆ ದಾಟಿಸಿದೆವು.

ಹಿಡಿಸಲಿಲ್ಲ.
ಒಂದು ಬೆರಳು ದಪ್ಪ.
ಹನ್ನೊಂದೂ ಒಂದೇ ಅಳತೆ.

ನನ್ನ ಕೆಂಪು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ
ತನ್ನ ಮುರುಕು ಹಿಂದಿಯಲ್ಲಿ ಅವನು ಹೇಳಿದ್ದಿಷ್ಟು:
ಹತ್ತು ವರ್ಷದಿಂದ ನಾನು ಇವಕ್ಕೆ ಡಬ್ಬಿ ಹುಡುಕುತ್ತಿದ್ದೇನಮ್ಮಾ,
ನೀನು ಗಾಜು ಹುಡುಕಿಕೊಂಡು ಬಂದೆ.
ನಕ್ಕ. ನನಗೆ ನಗು ಬರಲಿಲ್ಲ.
ಬಂದದ್ದು ಆಮೇಲೆ, ಏಣಿ ಮಡಚುವಾಗ.
ದುಡ್ಡು ಬೇಡವೆಂದು ಒಂದನ್ನು ಸುತ್ತಿ ಕೊಟ್ಟ.
ಡಬ್ಬಿ ಸಿಕ್ಕಿದರೆ ನನಗೂ ತಿಳಿಸು.

ಸೋಮವಾರ ಅದು ನನ್ನ ಮಡಿಲಲ್ಲಿತ್ತು,
ಗುಲ್ ಜಮಾನ್‌ಗೆ ತೋರಿಸಲೆಂದು.
ಚಾ ಹೊಸ ಸ್ಟೀಲಿನದರಲ್ಲಿ.
ಅದನ್ನು ಬೈಯುವಂತಿಲ್ಲ, ಮಧ್ಯಾಹ್ನಕ್ಕೂ ನಾಲಿಗೆ ಸುಡುತ್ತದೆ.

ಎರಡನೇ ಕ್ಲಾಸಿನ ಜುವೈರಿಯಾ ಕಾಗದ ಸರಿಸಿ ಇಣುಕಿದಳು.
ಬೆಳ್ಳಿಯಲ್ಲಿ ಅವಳ ಮೂಗು ಇಷ್ಟುದ್ದ,
ಕಿವಿಗಳು ಎಲ್ಲೋ ಹಿಂದಿನ ಸೀಟಿಗೆ ಓಡಿದ್ದವು.
"ಇದೇನು ಆಯಾ?"
"ಫ್ಲಾಸ್ಕಿನ ಒಳಗಿನದು."
"ಹೊರಗಿನದು?"
"ಮನೆಯಲ್ಲಿದೆ. ಆದರೆ ಅದು ಇದರದ್ದಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದಳು.
ಬಾಯಿಗೆ ಕಿವಿಯಿಟ್ಟು ಕೇಳಿದಳು, ಇನ್ನೊಂದು ಕಿವಿಯಲ್ಲೂ ಕೇಳಿದಳು.
ಆಮೇಲೆ ಸೀಟಿನ ಮೇಲೆ ಮೊಣಕಾಲೂರಿ
ಇಡೀ ಬಸ್ಸಿಗೆ ಕೇಳುವಂತೆ ಕೂಗಿದಳು:
"ಅಂಕಲ್, ಮೆಲ್ಲಗೆ ಓಡಿಸಿ!"